ಎರಡನೇ ಸಲ ನೋಡಿದಾಗ ‘ಎಟರ್ನಲ್ಸ್’ ಹಿಡಿಸಿತು. ಹಾಗಾದರೆ ಮೊದಲು ಬೈದಿದ್ದು ತಪ್ಪೇ?

ಪ್ರಶ್ನೆ: ಸರ್, ನಾನು ದಾವಣಗೆರೆಯ ವಿದ್ಯಾನಗರದವನು, ಎಂಜಿನಿಯರಿಂಗ್ ಕೊನೆಯ ವರ್ಷ. 2021ರಲ್ಲಿ ಮಾರ್ವೆಲ್‌ನ ಸೂಪರ್‌ಹೀರೋ ಸಿನಿಮಾ ‘ಎಟರ್ನಲ್ಸ್’ ಬಂದಾಗ ಪಿಯುಸಿಯಲ್ಲಿದ್ದೆ. ದೀಪಾವಳಿ ರಜೆ, ಅಪ್ಪು ಹೋಗಿ ಒಂದು ವಾರವಾಗಿತ್ತು, ಊರಿಗೆ ಊರೇ ಮಂಕಾಗಿತ್ತು. ಮನಸ್ಸಿಗೆ ಸ್ವಲ್ಪ ಬದಲಾವಣೆ ಇರಲಿ ಅಂತ ಗೆಳೆಯರೆಲ್ಲ ಸೇರಿ ಹಿಂದಿ ಡಬ್ಬಿಂಗ್ ಶೋಗೆ ಹೋದೆವು. ತಲೆಬುಡ ಗೊತ್ತಾಗಲಿಲ್ಲ. ಇಂಟರ್ವಲ್ ಆದಮೇಲೆ ಇಬ್ಬರು ನಿದ್ದೆ ಹೋದರು. ವಿಮರ್ಶಕರೂ ಬೈದಿದ್ದರು. ನಾನು ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ‘ಹತ್ತು ಹೀರೋಗಳು, ಸೊನ್ನೆ ಕಥೆ’ ಅಂತ ಬರೆದೆ. ಮೊನ್ನೆ ತಂಗಿಯ ಜೊತೆ ಮನೆ ಟಿವಿಯಲ್ಲಿ ಇಂಗ್ಲಿಷಿನಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಕೊನೆಗೆ ಗಂಟಲು ಕಟ್ಟಿತು. ಗೆಳೆಯರಿಗೆ ಹೇಳಿದರೆ, ‘ಏನಲೇ, ಪೂರ್ತಿ ಉಲ್ಟಾ ಹೊಡ್ದ್ಯಲ್ಲ’ ಅಂತ ಮಂಡಕ್ಕಿ ಅಂಗಡಿ ಮುಂದೆ ದಿನಾ ಆಡಿಕೊಳ್ಳುತ್ತಾರೆ. ವಿಮರ್ಶಕರು ಬೇಕಂತಲೇ ಸಿನಿಮಾ ಹಾಳು ಮಾಡಿದರಾ? ನನ್ನ ರುಚಿಯೇ ಸರಿ ಇರಲಿಲ್ಲವಾ? ನಮ್ಮ ಕಾಲೇಜಿನ ಸಿನಿಮಾ ಕೂಟದಲ್ಲಿ ಇದರ ಬಗ್ಗೆ ಮಾತಾಡಬೇಕು, ಆದರೆ ತೋರಿಸಲೂಬೇಕು ಅಂತಿದೆ. ಏನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿದರೆ ಸಿನಿಮಾಕ್ಕಿಂತ ಗೆಳೆಯರ ಮಾತೇ ಹೆಚ್ಚು ಚುಚ್ಚಿದಂತಿದೆ. ಅದು ಇರಲಿ, ಮಂಡಕ್ಕಿ ಖಾಲಿಯಾಗುವಷ್ಟರಲ್ಲಿ ಅವರಿಗೆ ಬೇರೆ ವಿಷಯ ಸಿಗುತ್ತದೆ. ನಿಮ್ಮನ್ನು ಕಾಡುತ್ತಿರುವುದು ಇಷ್ಟು: ಸಿನಿಮಾ ಅದೇ, ಒಂದು ಶಾಟೂ ಬದಲಾಗಿಲ್ಲ. ಹಾಗಿದ್ದಮೇಲೆ ನಿಮ್ಮ ಎರಡು ಅಭಿಪ್ರಾಯಗಳಲ್ಲಿ ಒಂದು ಸುಳ್ಳಾಗಿರಲೇಬೇಕಲ್ಲ ಎಂಬ ಅನುಮಾನ. ಎರಡೂ ನಿಜ ಎಂಬುದು ನನ್ನ ಉತ್ತರ. ಎಡಿಟಿಂಗ್ ಟೇಬಲ್ ಮುಂದೆಯೇ ಕೂದಲು ಬೆಳ್ಳಗಾದವನಾದ್ದರಿಂದ ಆ ಕಡೆಯಿಂದಲೇ ವಿವರಿಸುತ್ತೇನೆ. ಕಥೆಯ ಗುಟ್ಟೆಲ್ಲ ಬಿಚ್ಚಬೇಕಾಗುತ್ತದೆ; ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಬಹುದು.

ಮೊದಲು ವಿಮರ್ಶಕರ ವಿಷಯ ಮುಗಿಸೋಣ. ವಿಮರ್ಶೆಗಳನ್ನು ಒಟ್ಟುಹಾಕಿ ಲೆಕ್ಕ ಕೊಡುವ ಜಾಲತಾಣ ರಾಟನ್ ಟೊಮೇಟೋಸ್‌ನಲ್ಲಿ ಈ ಚಿತ್ರಕ್ಕೆ ಬಿದ್ದದ್ದು ಶೇ 47. ಅದನ್ನು ಪರೀಕ್ಷೆಯ ಅಂಕದ ಹಾಗೆ ‘ನೂರಕ್ಕೆ ನಲವತ್ತೇಳು’ ಎಂದು ಎಲ್ಲರೂ ಓದುತ್ತಾರೆ. ಅದು ಅಂಕವಲ್ಲ. ನೂರು ವಿಮರ್ಶೆಗಳಲ್ಲಿ ನಲವತ್ತೇಳು ಒಟ್ಟಾರೆ ಚಿತ್ರದ ಪರವಾಗಿದ್ದವು, ಉಳಿದವು ಇರಲಿಲ್ಲ, ಅಷ್ಟೇ. 60ಕ್ಕಿಂತ ಕೆಳಗಿಳಿದರೆ ಕೊಳೆತ ಹಣ್ಣಿನ ಗುರುತು ಬೀಳುತ್ತದೆ. ಮಾರ್ವೆಲ್ ಸ್ಟುಡಿಯೋಸ್‌ನ ಸರಣಿಯಲ್ಲಿ ಆ ಗುರುತು ಬಿದ್ದ ಮೊದಲ ಸಿನಿಮಾ ಇದಾದ್ದರಿಂದ ಅದೇ ಸುದ್ದಿಯಾಯಿತು. ಹತ್ತರಲ್ಲಿ ಐದು ಕೊಟ್ಟ ಬೇಸರದ ವಿಮರ್ಶೆಯೂ, ಒಂದು ಕೊಟ್ಟ ಸಿಟ್ಟಿನ ವಿಮರ್ಶೆಯೂ ಆ ಲೆಕ್ಕದಲ್ಲಿ ಒಂದೇ ಬುಟ್ಟಿಗೆ ಬೀಳುತ್ತವೆ. ನಾನು ಆಗ ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಬೇಸರದವು: ಸಿನಿಮಾ ನೋಡಲು ಚೆಂದ, ಆಸೆ ದೊಡ್ಡದು, ಆದರೆ ಹತ್ತು ಜನರಲ್ಲಿ ಯಾರ ಹಿಂದೆ ಹೋಗಬೇಕೋ ತಿಳಿಯುವುದಿಲ್ಲ ಎಂಬ ದೂರು. ನಿಮ್ಮ ಭಿತ್ತಿಪತ್ರಿಕೆಯ ತಲೆಬರಹವೂ ಅದನ್ನೇ ಹೇಳಿತ್ತು.

ಬೇಕಂತಲೇ ಹಾಳು ಮಾಡಿದರು ಎಂಬ ಮಾತಿಗೆ ಒಂದು ಎಳೆ ನಿಜ ಇದೆ, ಆದರೆ ಅದು ವಿಮರ್ಶಕರಿಗೆ ಸೇರಿದ್ದಲ್ಲ. ಚಿತ್ರ ಬಿಡುಗಡೆಯಾಗುವ ಮೊದಲೇ, ಯಾರು ಬೇಕಾದರೂ ರೇಟಿಂಗ್ ಕೊಡಬಹುದಾದ ಐಎಂಡಿಬಿ ಜಾಲತಾಣದಲ್ಲಿ ಒಂದೊಂದು ನಕ್ಷತ್ರ ಕೊಟ್ಟು ರೇಟಿಂಗ್ ಇಳಿಸಿದ ಗುಂಪುಗಳಿದ್ದವು. ಫಾಸ್ಟೋಸ್ ಎಂಬ ಪಾತ್ರಕ್ಕೆ ಗಂಡ ಮತ್ತು ಮಗ ಇರುವುದು ಅವರಿಗೆ ಸಹಿಸಲಿಲ್ಲ. ಸೌದಿ ಅರೇಬಿಯಾ, ಕುವೈತ್, ಕತಾರ್‌ಗಳಲ್ಲಿ ಚಿತ್ರ ತೆರೆ ಕಾಣಲೇ ಇಲ್ಲ. ಅದು ಬೇರೆ ಜಗಳ. ಅಮೆರಿಕದಲ್ಲಿ ಮೊದಲ ದಿನ ದುಡ್ಡು ಕೊಟ್ಟು ನೋಡಿ ಹೊರಬಂದವರನ್ನೇ ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್ ಕೂಡ ಇದಕ್ಕೆ ‘ಬಿ’ ಕೊಟ್ಟಿತು. ‘ಎ’ ಆಸುಪಾಸಿನಲ್ಲೇ ಇರುತ್ತಿದ್ದ ಮಾರ್ವೆಲ್‌ಗೆ ಆವರೆಗಿನ ಅತಿ ಕಡಿಮೆ ದರ್ಜೆ ಅದು. ಹಾಗಾಗಿ ಮೊದಲ ನೋಟಕ್ಕೆ ಎಡವಿದವರು ನೀವೊಬ್ಬರೇ ಅಲ್ಲ, ವಿಮರ್ಶಕರಷ್ಟೇ ಅಲ್ಲ.

ನಿರೀಕ್ಷೆಯ ಒಂದು ಆಟವೂ ಇತ್ತು. ನಿರ್ದೇಶಕಿ ಕ್ಲೋಯಿ ಝಾವೊ 2021ರ ಏಪ್ರಿಲ್‌ನಲ್ಲಿ ಆಸ್ಕರ್ ಗೆದ್ದರು, ನವೆಂಬರ್ 5ಕ್ಕೆ ‘ಎಟರ್ನಲ್ಸ್’ ಬಂತು. ಹಾಗಾಗಿ ‘ಆಸ್ಕರ್ ಗೆದ್ದವರು ಸೂಪರ್‌ಹೀರೋ ಸಿನಿಮಾ ಮಾಡಿದ್ದಾರೆ’ ಎಂದು ಜನ ನೋಡಹೋದರು. ಆದರೆ ಇದರ ಶೂಟಿಂಗ್ ಮುಗಿದದ್ದು 2020ರ ಆರಂಭದಲ್ಲಿ; 2020ರ ನವೆಂಬರ್‌ಗೆ ಬರಬೇಕಿದ್ದದ್ದನ್ನು ಕೊರೊನಾ ಒಂದು ವರ್ಷ ಮುಂದಕ್ಕೆ ತಳ್ಳಿತು. ಪ್ರಶಸ್ತಿ ಆಮೇಲೆ ಬಂದದ್ದು, ಅದರ ಭಾರ ಮಾತ್ರ ಸಿನಿಮಾದ ತಲೆಯ ಮೇಲೆ ಕೂತಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಥೆಯ ಬೆನ್ನೆಲುಬು ಎರಡು ಗುಟ್ಟುಗಳು. ಒಂದು, ಎಟರ್ನಲ್‌ಗಳು, ಅಂದರೆ ಆ ಹತ್ತು ಹೀರೋಗಳು, ಭೂಮಿಗೆ ಬಂದದ್ದು ಮನುಷ್ಯರನ್ನು ಕಾಯಲು ಎಂಬುದು ಅರ್ಧ ಸತ್ಯ. ಭೂಮಿಯೇ ಒಂದು ಮೊಟ್ಟೆ, ಒಳಗೆ ಟಿಯಾಮುಟ್ ಎಂಬ ದೈತ್ಯ ಬೆಳೆಯುತ್ತಿದ್ದಾನೆ, ಅವನು ಹೊರಬರುವ ದಿನ ಭೂಮಿ ಒಡೆದುಹೋಗುತ್ತದೆ. ಇನ್ನೊಂದು, ಅವರಲ್ಲೊಬ್ಬನಾದ ಇಕಾರಿಸ್‌ಗೆ ಇದು ಶತಮಾನಗಳಿಂದ ಗೊತ್ತಿತ್ತು, ಅದನ್ನು ತಡೆಯಲು ಮನಸ್ಸು ಮಾಡಿದ ನಾಯಕಿ ಏಜಾಕ್‌ಳನ್ನು ಅವನೇ ಡೀವಿಯಂಟ್ ಎಂಬ ರಾಕ್ಷಸ ಪ್ರಾಣಿಗಳ ಬಾಯಿಗೆ ಕೊಟ್ಟು ಬಂದಿದ್ದ. ಮೊದಲ ಗುಟ್ಟು ನಡುವೆಲ್ಲೋ ಬಿಚ್ಚಿಕೊಳ್ಳುತ್ತದೆ, ಎರಡನೆಯದು ಒಂದೂವರೆ ಗಂಟೆ ದಾಟಿದ ಮೇಲೆ. ಅಂದರೆ ಎರಡೂವರೆ ಗಂಟೆ ಮೀರಿದ ಸಿನಿಮಾದ ಬಹುಪಾಲು ಹೊತ್ತು, ತೆರೆಯ ಮೇಲಿನ ನಿಜವಾದ ಜಗಳ ಯಾವುದು ಎಂಬುದೇ ನೋಡುವವನಿಗೆ ಗೊತ್ತಿರುವುದಿಲ್ಲ. ಒಬ್ಬೊಬ್ಬರನ್ನೇ ಹುಡುಕಿಕೊಂಡು ಲಂಡನ್, ಸೌತ್ ಡಕೋಟಾ, ಮುಂಬೈ, ಆಸ್ಟ್ರೇಲಿಯಾ, ಅಮೆಜಾನ್, ಶಿಕಾಗೊ ಅಂತ ಸುತ್ತುತ್ತಾರೆ. ಮೊದಲ ಸಲ ಅದು ಬಂಧುಗಳ ಮನೆಗೆಲ್ಲ ಲಗ್ನಪತ್ರಿಕೆ ಹಂಚಿದ ಹಾಗೆ ಕಾಣುತ್ತದೆ: ಹೋದರು, ಕೂತರು, ಮಾತಾಡಿದರು, ಎದ್ದು ಮುಂದಿನ ಮನೆಗೆ ನಡೆದರು.

ಎರಡನೇ ಸಲ ಅದೇ ಸುತ್ತಾಟದಲ್ಲಿ ಒಬ್ಬ ಕೊಲೆಗಾರ ಜೊತೆಯಲ್ಲೇ ನಡೆಯುತ್ತಿದ್ದಾನೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಸೌತ್ ಡಕೋಟಾದಲ್ಲಿ ಏಜಾಕ್‌ಳ ಮನೆ. ತಂಡದ ಸೆರ್ಸಿ, ಸ್ಪ್ರೈಟ್, ಇಕಾರಿಸ್ ಮೂವರೂ ಬರುತ್ತಾರೆ. ಏಜಾಕ್ ಸತ್ತು ಬಿದ್ದಿದ್ದಾಳೆ. ಅವಳ ದೇಹದಿಂದ ಚಿನ್ನದ ಬಣ್ಣದ ಗೋಳವೊಂದು ಎದ್ದು ಸೆರ್ಸಿಯ ಒಳಗೆ ಸೇರಿಕೊಳ್ಳುತ್ತದೆ. ಇನ್ನು ಅವರನ್ನೆಲ್ಲ ಭೂಮಿಗೆ ಕಳಿಸಿದ ಒಡೆಯ ಅರಿಶೆಮ್‌ನ ಜೊತೆ ಮಾತಾಡುವವಳು, ಅಂದರೆ ನಾಯಕಿ, ಅವಳೇ. ಮೊದಲ ಸಲ ನೋಡುವಾಗ ಕಣ್ಣು ಸೆರ್ಸಿಯ ಮೇಲಿರುತ್ತದೆ, ಇಕಾರಿಸ್ ಬರೀ ಪಕ್ಕದಲ್ಲಿ ನಿಂತವನು. ಎರಡನೇ ಸಲ ಅವನನ್ನೇ ನೋಡುತ್ತೀರಿ. ತಾನೇ ಕೊಂದ ಹೆಣದ ಮುಂದೆ ಮೊದಲ ಸಲ ಕಂಡವನಂತೆ ನಿಂತಿದ್ದಾನೆ, ತನಗೆ ಸಿಗದೇ ಹೋದ ಅಧಿಕಾರ ಕಣ್ಣೆದುರೇ ಬೇರೆಯವಳ ಪಾಲಾಗುತ್ತಿದೆ. ಇಕಾರಿಸ್ ಆಗಿರುವ ರಿಚರ್ಡ್ ಮ್ಯಾಡೆನ್ ಅವರ ನಟನೆಯನ್ನು ಆಗ ಎಷ್ಟೋ ಜನ ‘ಮರದ ಕೊರಡು’ ಎಂದರು. ಗುಟ್ಟು ಗೊತ್ತಿಟ್ಟುಕೊಂಡು ನೋಡಿದರೆ ಆ ಬಿಗಿದ ಮುಖ ಬಚ್ಚಿಡುವವನ ಮುಖ.

ಊಟದ ಮೇಜಿನ ದೃಶ್ಯವೂ ಹಾಗೇ. ಮಾರ್ವೆಲ್‌ನ ಇನ್ನೊಂದು ಹೀರೋಗಳ ಗುಂಪಾದ ಅವೆಂಜರ್ಸ್ ತಂಡವನ್ನು ಇನ್ನು ಯಾರು ಮುನ್ನಡೆಸುತ್ತಾರೆ ಎಂಬ ಮಾತು ಬರುತ್ತದೆ, ನಾನು ಮುನ್ನಡೆಸಬಲ್ಲೆ ಎನ್ನುತ್ತಾನೆ ಇಕಾರಿಸ್, ಎಲ್ಲರೂ ನಗುತ್ತಾರೆ. ಟ್ರೈಲರ್‌ನಲ್ಲಿ ಅದು ಬರೀ ಜೋಕು. ಏಜಾಕ್ ತನಗೆ ಕೊಡದೇ ಹೋದ ಸ್ಥಾನದ ಬಗ್ಗೆ ಗೊತ್ತಿದ್ದು ನೋಡಿದರೆ ಆ ನಗು ಯಾರಿಗೆ ತಾಗಿತು ಎಂಬುದು ಕಾಣುತ್ತದೆ. ಲಂಡನ್ನಿನ ಮೊದಲ ಹೊಡೆದಾಟದಲ್ಲಿ ಡೀವಿಯಂಟ್ ತನ್ನ ಗಾಯವನ್ನು ತಾನೇ ವಾಸಿ ಮಾಡಿಕೊಳ್ಳುತ್ತದಲ್ಲ, ಅದು ಏಜಾಕ್‌ಳ ಶಕ್ತಿ! ಅವಳನ್ನು ಹೀರಿಕೊಂಡೇ ಅಲ್ಲಿಗೆ ಬಂದಿದೆ. ಸುಳಿವನ್ನು ನಮ್ಮ ಮುಂದೆಯೇ ಇಟ್ಟಿದ್ದಾರೆ, ನಾವು ಗ್ರಾಫಿಕ್ಸ್ ನೋಡುತ್ತಾ ಕೂತಿದ್ದೆವು.

ಇದನ್ನು ನೋಡಿ ‘ಹಾಗಾದರೆ ಸಿನಿಮಾ ಚೆನ್ನಾಗಿಯೇ ಇತ್ತು, ನಾವೇ ದಡ್ಡರು’ ಎಂದು ಹಾರಬೇಡಿ. ನಮ್ಮ ಕಸುಬಿನಲ್ಲಿ ಒಂದು ತೊಂದರೆ ಇದೆ. ರಫ್ ಕಟ್‌ನಿಂದ ಕೊನೆಯ ಕಾಪಿಯವರೆಗೆ ಒಂದೇ ಸಿನಿಮಾವನ್ನು ಎಡಿಟರ್ ಎಷ್ಟು ಸಲ ನೋಡುತ್ತಾನೋ ಲೆಕ್ಕವಿಲ್ಲ. ಮೊದಲ ಸಲ ನೋಡುವವನ ಕಣ್ಣು ಅವನಿಗೆ ಒಂದೇ ಸಲ ಸಿಗುವುದು, ಕಳೆದುಕೊಂಡರೆ ಮುಗಿಯಿತು. ಆಮೇಲೆ ಯಾವ ಪಾತ್ರ ಏನು ಮುಚ್ಚಿಟ್ಟಿದೆ ಎಂಬುದು ಗೊತ್ತಿರುತ್ತದೆ, ಹಾಗಾಗಿ ಖಾಲಿ ಶಾಟಿನಲ್ಲೂ ಅರ್ಥ ಕಾಣುತ್ತದೆ. ‘ಎಷ್ಟು ಸೂಕ್ಷ್ಮವಾಗಿದೆ ಸರ್’ ಎಂದು ನಿರ್ದೇಶಕರು ಹೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಣ್ಣ ತಳಮಳ. ಸೂಕ್ಷ್ಮವಾಗಿರುವುದು ನಮಗೆ, ಕತ್ತಲಲ್ಲಿ ಕೂತವನಿಗೆ ಅದು ತಲುಪುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅದಕ್ಕೇ ಕಥೆ ಗೊತ್ತಿಲ್ಲದವರನ್ನು ಕರೆತಂದು ಕೂರಿಸಿ, ತೆರೆ ಬಿಟ್ಟು ಅವರ ಮುಖ ನೋಡುವುದು. ಎಲ್ಲಿ ಕುರ್ಚಿಯಲ್ಲಿ ಮಿಸುಕಾಡಿದರು, ಎಲ್ಲಿ ಮೊಬೈಲ್ ತೆಗೆದರು ಎಂಬುದನ್ನು ಬರೆದುಕೊಳ್ಳುತ್ತೇವೆ.

ಎರಡನೇ ಸಲ ನೋಡಿದಾಗ ನೀವು ಕೂತದ್ದು ಆ ಸಿನಿಮಾ ಮಾಡಿದವರ ಕುರ್ಚಿಯಲ್ಲಿ. ಅವರಿಗೆ ಗೊತ್ತಿದ್ದದ್ದೆಲ್ಲ ನಿಮಗೂ ಗೊತ್ತಿತ್ತು. ಅಲ್ಲಿಂದ ನೋಡಿದರೆ ಇದು ಕಟ್ಟು ಗಟ್ಟಿಯಾದ, ದುಃಖದ ಸಿನಿಮಾ. ವಿಮರ್ಶಕರು ಮತ್ತು 2021ರ ನೀವು ಕೂತದ್ದು ಪ್ರೇಕ್ಷಕರ ಕುರ್ಚಿಯಲ್ಲಿ. ಟಿಕೆಟ್ ಮಾರುವುದು ಆ ಕುರ್ಚಿಗೇ. ಈ ಕಥೆಯನ್ನು ಬರೆದವರು ಗುಟ್ಟನ್ನು ಬಚ್ಚಿಟ್ಟರು ಸರಿ, ಆದರೆ ಅದು ಬಯಲಾಗುವವರೆಗೆ ನಮ್ಮನ್ನು ಹಿಡಿದಿಡಲು ಬೇರೊಂದು ಎಳೆ ಕೊಡಲಿಲ್ಲ. ಅದು ಕಥೆಯ ದೋಷವೇ. ಎರಡನೇ ನೋಟ ಆ ದೋಷವನ್ನು ಮುಚ್ಚುತ್ತದೆ, ಅಳಿಸುವುದಿಲ್ಲ.

ಕಥೆ ನಿಂತರೇ ದೋಷ ಎಂದೂ ಅಲ್ಲ. ನಾನಿರುವುದು ಚಿತ್ರದುರ್ಗದಲ್ಲಿ, ಇಲ್ಲಿ ನಿಂತು ಹಾಗೆ ಹೇಳಿದರೆ ಜನ ಬಿಡುವುದೂ ಇಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ಕಥೆಯನ್ನು ಪಕ್ಕಕ್ಕಿಟ್ಟು ಪುಟ್ಟಣ್ಣ ಕಣಗಾಲ್ ಓಬವ್ವನ ಪ್ರಸಂಗ ತರುತ್ತಾರೆ. ಕಥೆಗೆ ಅದು ಅನಿವಾರ್ಯವೇನಲ್ಲ. ಆದರೂ ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತದ್ದನ್ನು ಮರೆತವರಿಲ್ಲ. ಯಾಕೆಂದರೆ ಆ ಕೆಲವೇ ನಿಮಿಷಗಳಲ್ಲಿ ಅಪಾಯ ಏನು, ಅವಳಿಗೆ ಏನು ಬೇಕು, ತಪ್ಪಿದರೆ ಏನಾಗುತ್ತದೆ ಎಂಬುದೆಲ್ಲ ಅಲ್ಲೇ ಇದೆ. ‘ಎಟರ್ನಲ್ಸ್’ ನಡುನಡುವೆ ಹಿಂದಿನ ಕಾಲಕ್ಕೆ ಹೋಗಿ ತೋರಿಸುವ ಬ್ಯಾಬಿಲೋನ್, ಗುಪ್ತರ ಕಾಲದ ಮದುವೆ ನೋಡಲು ಚೆಂದವಾಗಿವೆ. ಅಲ್ಲಿರುವವರಿಗೆ ಆ ಹೊತ್ತಿನಲ್ಲಿ ಏನು ಬೇಕಿತ್ತು ಎಂಬುದು ಮಾತ್ರ ನಮಗೆ ಆಮೇಲೆ ತಿಳಿಯುತ್ತದೆ. ಸ್ಪೇನಿನವರು ಮುತ್ತಿದ ಮೆಕ್ಸಿಕೋದ ಹಳೆಯ ರಾಜಧಾನಿ, 1521ರ ಟೆನೋಚ್ಟಿಟ್ಲಾನ್ ಒಂದು ಮಾತ್ರ ಮೊದಲ ಸಲವೇ ನಾಟುತ್ತದೆ. ಕಣ್ಣೆದುರು ನರಮೇಧ ನಡೆಯುತ್ತಿದೆ, ತಡೆಯಬೇಕೋ ಬೇಡವೋ ಎಂದು ತಂಡವೇ ಒಡೆಯುತ್ತದೆ. ಅಲ್ಲಿ ಓಬವ್ವನ ಕಿಂಡಿಯ ಬಿಸಿ ಇದೆ.

ನಿಮ್ಮ ಅಭಿಪ್ರಾಯ ಬದಲಾಗಲು ಬೇರೆ ಕಾರಣಗಳೂ ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡುವುದು ಒಳ್ಳೆಯದು, ಇಲ್ಲದಿದ್ದರೆ ಎಲ್ಲ ಶ್ರೇಯಸ್ಸೂ ಸಿನಿಮಾಕ್ಕೇ ಹೋಗುತ್ತದೆ. ಈ ಚಿತ್ರದಲ್ಲಿ ಬಗೆಬಗೆಯ ಇಂಗ್ಲಿಷ್ ಕೇಳಿಸುತ್ತದೆ. ಡ್ರೂಯಿಗ್‌ನದ್ದು ಐರಿಷ್ ಧಾಟಿ, ಏಜಾಕ್‌ಳದ್ದು ಮೆಕ್ಸಿಕೋದ್ದು. ಏಳು ಸಾವಿರ ವರ್ಷ ಬೇರೆಬೇರೆ ಕಡೆ ಬದುಕಿದವರು ಎಂಬುದು ಕಿವಿಗೇ ತಿಳಿಯುತ್ತದೆ. ಡಬ್ಬಿಂಗ್‌ನಲ್ಲಿ ಎಲ್ಲರೂ ಒಂದೇ ಸ್ಟುಡಿಯೋದ ಹಿಂದಿ ಮಾತಾಡಿರುತ್ತಾರೆ. ಡಬ್ಬಿಂಗ್ ಮುಟ್ಟಲಾಗದ ಪಾತ್ರ ಒಂದೇ, ಮಕಾರಿ. ಆ ನಟಿ ಲಾರೆನ್ ರಿಡ್ಲಾಫ್ ನಿಜಜೀವನದಲ್ಲೂ ಕಿವುಡರು, ತೆರೆಯ ಮೇಲೂ ಸನ್ನೆ ಭಾಷೆಯಲ್ಲೇ ಮಾತಾಡುತ್ತಾರೆ. ಹಿಂದಿಯಲ್ಲಿ ನೋಡಿದಾಗಲೂ ನಿಮಗೆ ಯಾವುದಾದರೂ ಪಾತ್ರ ಪೂರ್ತಿಯಾಗಿ ಸಿಕ್ಕಿದ್ದರೆ ಅದು ಅವಳದ್ದೇ ಇರಬೇಕು, ನೆನಪಿಸಿಕೊಳ್ಳಿ.

ಇಂಟರ್ವಲ್ ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಿನಿಮಾಗಳಲ್ಲಿ ಇಂಟರ್ವಲ್ ಎಲ್ಲಿ ಬರಬೇಕೆಂದು ಕಥೆ ಬರೆಯುವಾಗಲೇ ಕೂತು ಜಗಳವಾಡುತ್ತೇವೆ. ಹಾಲಿವುಡ್‌ನವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಇಲ್ಲಿ ಬಂದಮೇಲೆ ನಡುವೆ ಎಲ್ಲೋ ಕತ್ತರಿ ಹಾಕುತ್ತಾರೆ. ನಿಧಾನವಾಗಿ ಬಿಸಿಯೇರುವ ಸಿನಿಮಾಕ್ಕೆ ಅದು ದೊಡ್ಡ ಪೆಟ್ಟು. ನಿಮ್ಮ ಗೆಳೆಯರ ನಿದ್ದೆಗೆ ಅದೂ ಒಂದು ಕಾರಣವಿರಬಹುದು.

ಇನ್ನು ಆ ವಾರ. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು, ಮುಂದಿನ ಶುಕ್ರವಾರ ಬಲಿಪಾಡ್ಯಮಿ, ಅಂದೇ ಈ ಚಿತ್ರ. 46 ವರ್ಷಕ್ಕೇ ಹೋದ ಮನುಷ್ಯನ ಕಟೌಟಿಗೆ ಹಾರ ಹಾಕಿ ಬಂದ ಹುಡುಗರ ಮುಂದೆ ಮುಪ್ಪೇ ಇಲ್ಲದ ಹತ್ತು ಜನರ ಬೇಸರದ ಕಥೆ ಇಟ್ಟರೆ ಯಾರ ಮನಸ್ಸು ಒಗ್ಗೀತು? ಅದು ಸಿನಿಮಾದ ತಪ್ಪೂ ಅಲ್ಲ, ನಿಮ್ಮದೂ ಅಲ್ಲ.

ಬರೀ ಪರಿಚಯದಿಂದಲೂ ಇಷ್ಟ ಹೆಚ್ಚುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾಂಕ್ 1968ರಲ್ಲೇ ತೋರಿಸಿದ್ದರು. ಕೊನೆ ಮೊದಲೇ ಗೊತ್ತಿದ್ದರೆ ಸಣ್ಣಕಥೆಗಳು ಓದುಗರಿಗೆ ಇನ್ನಷ್ಟು ರುಚಿಸಿದವು ಎಂದು 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಕಂಡುಕೊಂಡರು; ಆಮೇಲಿನ ಪ್ರಯೋಗಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಆದ್ದರಿಂದ ನಿಮ್ಮ ಇಷ್ಟದಲ್ಲಿ ಒಂದು ಪಾಲು ಬರೀ ಪರಿಚಯದ್ದು ಎಂದು ಇಟ್ಟುಕೊಳ್ಳಿ. ಪೂರ್ತಿ ಅದೇ ಎನ್ನಲು ಮಾತ್ರ ನನಗೆ ಮನಸ್ಸಿಲ್ಲ. ಈ ಚಿತ್ರದ ದೊಡ್ಡ ಬಂಡವಾಳ ಅದರ ಬಯಲು, ದಿಗಂತ, ಸಂಜೆ ಬೆಳಕು. ಕ್ಯಾನರಿ ದ್ವೀಪಗಳಿಗೆ ಹೋಗಿ ನಿಜವಾದ ಬಿಸಿಲಿನಲ್ಲಿ ತೆಗೆದದ್ದು. ಟಿವಿಯಲ್ಲಿ ಅದೆಲ್ಲ ಕುಗ್ಗುತ್ತದೆ. ಕುಗ್ಗಿಯೂ ನಿಮ್ಮ ಗಂಟಲು ಕಟ್ಟಿತೆಂದರೆ ಹಿಡಿದದ್ದು ಕಥೆಯೇ.

ಎಷ್ಟು ಸಲ ನೋಡಿದರೂ ಸುಧಾರಿಸದ ಭಾಗಗಳಿವೆ, ಅದನ್ನೂ ಹೇಳಬೇಕು. ಡೀವಿಯಂಟ್‌ಗಳ ನಾಯಕ ಕ್ರೋ ಒಬ್ಬೊಬ್ಬರನ್ನು ನುಂಗುತ್ತಾ ಮಾತು ಕಲಿಯುತ್ತಾನೆ, ಬುದ್ಧಿ ಬೆಳೆಸಿಕೊಳ್ಳುತ್ತಾನೆ. ಅವನನ್ನೂ ಎಟರ್ನಲ್‌ಗಳನ್ನೂ ಮಾಡಿದ ಕೈ ಒಂದೇ, ಇಬ್ಬರಿಗೂ ಆದ ಮೋಸವೂ ಒಂದೇ. ಎಂಥ ಬಾಗಿಲು ಅದು! ತೆರೆದು, ಇಣುಕಿ, ಗುಹೆಯೊಳಗೆ ಎಟರ್ನಲ್ ಥೀನಾಳ ಕೈಯಲ್ಲಿ ಕೊಲ್ಲಿಸಿ ಮುಚ್ಚಿಬಿಡುತ್ತಾರೆ. ಹಿರೋಷಿಮಾದ ದೃಶ್ಯವಂತೂ ಎರಡನೇ ಸಲ ನನಗೆ ಇನ್ನೂ ಕೆಟ್ಟದಾಗಿ ಕಂಡಿತು. ಮನುಷ್ಯರಿಗೆ ತಂತ್ರಜ್ಞಾನ ಕಲಿಸಿದ ಫಾಸ್ಟೋಸ್ ಅಲ್ಲಿ ನಿಂತು ‘ನಾನೇನು ಮಾಡಿಬಿಟ್ಟೆ’ ಎಂದು ಅಳುತ್ತಾನೆ. ಮನುಷ್ಯರು ತಿಳಿದೇ ಮಾಡಿದ ಪಾತಕದ ಹೊಣೆಯನ್ನು ಆಕಾಶದಿಂದ ಬಂದವನ ಹೆಗಲಿಗೇರಿಸಿ ಒಂದೇ ನಿಮಿಷದಲ್ಲಿ ಮುಂದೆ ಹೋಗುತ್ತಾರೆ. ಕೊನೆಯಲ್ಲಿ ‘ಎಟರ್ನಲ್ಸ್ ಮರಳಿ ಬರುತ್ತಾರೆ’ ಎಂದು ಬರೆದು ಬಿಟ್ಟ ಎಳೆಗಳದ್ದೂ ಅದೇ ಪಾಡು. ಎರಡನೇ ಭಾಗ ಬಂದಿಲ್ಲ. ಕಥೆಯ ಕೊನೆಗೆ ಕಲ್ಲಾಗಿ ನಿಂತ ಟಿಯಾಮುಟ್‌ನ ದೇಹ ಮಾತ್ರ 2025ರ ಕ್ಯಾಪ್ಟನ್ ಅಮೆರಿಕ ಚಿತ್ರದಲ್ಲಿ ದೇಶದೇಶಗಳ ಜಗಳದ ವಸ್ತುವಾಗಿ ಬಂತು.

ಕೂಟದಲ್ಲಿ ಏನು ಹೇಳಬೇಕು ಎಂದು ಕೇಳಿದ್ದೀರಿ. ಹಳೆಯ ಭಿತ್ತಿಪತ್ರಿಕೆಯ ಬರಹವನ್ನು ಬಚ್ಚಿಡಬೇಡಿ, ಅದನ್ನೇ ಓದಿ ಶುರು ಮಾಡಬಹುದು. ಅದು ಮೊದಲ ನೋಟದ ಸಾಕ್ಷಿ, ಈಗ ನಿಮಗೇ ಬೇಕೆಂದರೂ ಸಿಗದ್ದು. ಗೆಳೆಯರು ನಗುತ್ತಾರೆ, ನಗಲಿ. ‘ಯಾರಿಗೂ ಅರ್ಥವಾಗದ ಮೇರುಕೃತಿ’ ಎಂದು ಎದ್ದು ನಿಂತರೆ ಚಪ್ಪಾಳೆ ಬೇಗ ಬರುತ್ತದೆ, ಈಗ ಅದೇ ಫ್ಯಾಷನ್ ಕೂಡ. ಅದರ ಅಪಾಯ ಏನೆಂದರೆ ಯಾರಾದರೂ ಕ್ರೋನ ಬಗ್ಗೆ ಕೇಳಿದ ಕೂಡಲೇ ನೀವು ಸಿನಿಮಾದ ವಕೀಲರಾಗಿಬಿಡುತ್ತೀರಿ, ಸಾಕ್ಷಿ ಇಲ್ಲದಿದ್ದರೂ ವಾದಿಸಬೇಕಾಗುತ್ತದೆ. ಒಟ್ಟು ಚಿತ್ರಕ್ಕೆ ತೀರ್ಪು ಕೊಡುವ ಬದಲು ಏಜಾಕ್‌ಳ ಮನೆಯ ದೃಶ್ಯವೊಂದನ್ನೇ ಹಿಡಿದು, ಮೊದಲ ಸಲ ಕಂಡದ್ದೇನು, ಈಗ ಕಂಡದ್ದೇನು ಎಂದು ಹೇಳಿದರೆ ಮಾತು ನೆಲದ ಮೇಲೆ ನಿಲ್ಲುತ್ತದೆ.

ಇನ್ನೂ ಅನುಮಾನವಿದ್ದರೆ ಸಿನಿಮಾ ನೋಡದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಮುಕ್ಕಾಲು ಗಂಟೆ ಹಾಕಿ. ನೀವು ಟಿವಿ ನೋಡಬೇಡಿ, ಅವರನ್ನು ನೋಡಿ. ತಂಗಿ ಹೇಗಿದ್ದಳು ಎಂದು ನೀವು ಬರೆದೇ ಇಲ್ಲ. ಅವಳಿಗೆ ಅದು ಮೊದಲ ಸಲವಾಗಿದ್ದರೆ ಕೇಳಿ ನೋಡಿ, ನಿಮಗಿಂತ ಒಳ್ಳೆಯ ಸಾಕ್ಷಿ ಅವಳು.

ತೋರಿಸುವ ವಿಷಯ. ಮನೆಯ ಒಟಿಟಿ ಖಾತೆ ಸ್ವಂತ ಬಳಕೆಗೆ ಮಾತ್ರ, ಅದರಿಂದ ಸಭಾಂಗಣದಲ್ಲಿ ತೋರಿಸಲು ಕಂಪನಿಯ ಷರತ್ತು ಒಪ್ಪುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿರಬೇಕು, ನೋಡುವವರು ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಅದಕ್ಕೂ ಡಿಸ್ಕ್‌ನಂಥ ಸಕ್ರಮ ಕಾಪಿ ಇದ್ದರೆ ವಾಸಿ. ಹೊರಗೆ ಹಾಲ್ ಬಾಡಿಗೆಗೆ ಹಿಡಿದು, ಊರಿಗೆಲ್ಲ ಪೋಸ್ಟರ್ ಅಂಟಿಸಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕೇ ಬೇಕು. ಪ್ರಾಂಶುಪಾಲರಿಂದ ಒಪ್ಪಿಗೆಯನ್ನು ಬರಹದಲ್ಲೇ ಪಡೆದುಕೊಳ್ಳಿ. ಇಂಗ್ಲಿಷ್ ಆವೃತ್ತಿಯನ್ನೇ ಸಬ್‌ಟೈಟಲ್ ಸಮೇತ ಹಾಕಿ, ಇಂಟರ್ವಲ್ ಬಿಡಬೇಡಿ, ಚಹಾ ಕೊನೆಗೆ ಇಟ್ಟುಕೊಳ್ಳಿ.